ಸ್ಟಾಕ್‌ಪೋರ್ಟ್ ಬರೋದಲ್ಲಿ ಮನೆ ಮಾಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಂಚೆಸ್ಟರಿನ ಆಸ್ಪತ್ರೆ, ಐಟಿ ಕಂಪನಿ, ವಿಶ್ವವಿದ್ಯಾಲಯಗಳಿಗೆ ಬರುವ ಕನ್ನಡದ ಕುಟುಂಬಗಳು ನಗರದ ದಕ್ಷಿಣಕ್ಕಿರುವ ಸ್ಟಾಕ್‌ಪೋರ್ಟ್ ಕಡೆಯೂ ಮನೆ ಹುಡುಕುತ್ತವೆ. ಮೊದಲ ವರ್ಷ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ. ಮನೆ ಯಾವ ಬರೋದ (ಸ್ಥಳೀಯ ಆಡಳಿತದ ಪ್ರದೇಶದ) ಗಡಿಯೊಳಗಿದೆ, ಯಾವ ಕೆಲಸ ಯಾರದ್ದು, ಯಾವ ತಾರೀಖಿನೊಳಗೆ ಅರ್ಜಿ ಹಾಕಬೇಕು ಅನ್ನುವುದು ಗೊತ್ತಿರುವುದಿಲ್ಲ. ಅದಕ್ಕಾಗಿ ಈ ಪುಟ. ಪೌಂಡಿನ ಲೆಕ್ಕ ಕೊಟ್ಟಿರುವ ಕಡೆ ಅದು 2025ರ ದರ. ಏಪ್ರಿಲ್ ಬಂದಾಗ ಹಲವು ದರ ಬದಲಾಗುತ್ತವೆ.

ಮೆಟ್ರೊಪಾಲಿಟನ್ ಬರೋ ಅಂದರೆ ಏನು? ಊರೋ, ಜಿಲ್ಲೆಯೋ?

ಎರಡರ ನಡುವಿನದು. 1972ರ ಸ್ಥಳೀಯ ಆಡಳಿತ ಕಾಯ್ದೆಯ ಪ್ರಕಾರ 1974ರ ಏಪ್ರಿಲ್ 1ರಂದು ಇಂಗ್ಲೆಂಡಿನ ದೊಡ್ಡ ಕೈಗಾರಿಕಾ ಪ್ರದೇಶಗಳನ್ನು ಆರು ಮೆಟ್ರೊಪಾಲಿಟನ್ ಕೌಂಟಿಗಳಾಗಿ, ಅವುಗಳೊಳಗೆ 36 ಬರೋಗಳಾಗಿ ವಿಂಗಡಿಸಿದರು. ಗ್ರೇಟರ್ ಮ್ಯಾಂಚೆಸ್ಟರಿಗೆ ಬಂದದ್ದು ಹತ್ತು: ಬೋಲ್ಟನ್, ಬರಿ, ಮ್ಯಾಂಚೆಸ್ಟರ್, ಓಲ್ಡಮ್, ರಾಚ್‌ಡೇಲ್, ಸಾಲ್ಫರ್ಡ್, ಸ್ಟಾಕ್‌ಪೋರ್ಟ್, ಟೇಮ್‌ಸೈಡ್, ಟ್ರಾಫರ್ಡ್, ವಿಗನ್. ಅಲ್ಲಿಯವರೆಗೆ ಚೆಷರ್ ಕೌಂಟಿಗೆ ಸೇರಿದ್ದ ಚೀಡಲ್ ಮತ್ತು ಗ್ಯಾಟ್ಲಿ, ಹೇಜಲ್ ಗ್ರೋವ್ ಮತ್ತು ಬ್ರಾಮ್‌ಹಾಲ್, ಬ್ರೆಡ್‌ಬರಿ ಮತ್ತು ರೊಮಿಲಿ, ಮಾರ್ಪಲ್ ಎಂಬ ಪಟ್ಟಣ ಪ್ರದೇಶಗಳು ಸ್ಟಾಕ್‌ಪೋರ್ಟ್ ಊರಿನ ಜೊತೆ ಸೇರಿ ಇವತ್ತಿನ ಬರೋ ಆಯಿತು. 2021ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 2,95,000 ಮಂದಿ. ಬ್ರಾಮ್‌ಹಾಲ್‌ನವರು ಈಗಲೂ ವಿಳಾಸದಲ್ಲಿ ಚೆಷರ್ ಎಂದು ಬರೆಯುವುದು ಆ ಹಳೆಯ ನಂಟಿನಿಂದ. ಆಡಳಿತಕ್ಕೂ ಅದಕ್ಕೂ ಸಂಬಂಧವಿಲ್ಲ.

1986ರಲ್ಲಿ ಕೌಂಟಿ ಮಟ್ಟದ ಕೌನ್ಸಿಲ್‌ಗಳನ್ನು ರದ್ದು ಮಾಡಿದ ಮೇಲೆ ಅವುಗಳ ಬಹುಪಾಲು ಕೆಲಸ ಬರೋಗಳ ಕೈಗೆ ಬಂತು. ಹಾಗಾಗಿ ಇಲ್ಲಿ ತೆರಿಗೆ, ಶಾಲಾ ಪ್ರವೇಶ, ಕಸ, ರಸ್ತೆ, ವೃದ್ಧರ ಆರೈಕೆ ಎಲ್ಲಕ್ಕೂ ಒಂದೇ ಕೌನ್ಸಿಲ್. ಎರಡು ಹಂತದ ಕೌನ್ಸಿಲ್ ಇರುವ ಇಂಗ್ಲೆಂಡಿನ ಹಳ್ಳಿಗಾಡಿಗೆ ಹೋಲಿಸಿದರೆ ಇದು ದೊಡ್ಡ ಅನುಕೂಲ.

ಹಾಗಾದರೆ ಎಲ್ಲದಕ್ಕೂ ಕೌನ್ಸಿಲ್‌ಗೇ ಫೋನ್ ಮಾಡಬೇಕೇ?

ಇಲ್ಲ. ಬಸ್ಸು ಮತ್ತು ಟ್ರಾಮ್ ಗ್ರೇಟರ್ ಮ್ಯಾಂಚೆಸ್ಟರ್ ಮಟ್ಟದ್ದು. ಪೊಲೀಸ್ ಮತ್ತು ಅಗ್ನಿಶಾಮಕ ದಳದ ಮೇಲ್ವಿಚಾರಣೆಯೂ ಅಲ್ಲಿಯದೇ. ಗ್ರೇಟರ್ ಮ್ಯಾಂಚೆಸ್ಟರಿಗೆ 2017ರಿಂದ ನೇರವಾಗಿ ಆಯ್ಕೆಯಾಗುವ ಮೇಯರ್ ಇದ್ದಾರೆ. ಸ್ಟಾಕ್‌ಪೋರ್ಟ್‌ಗೂ ಒಬ್ಬ ಮೇಯರ್ ಇರುತ್ತಾರೆ, ಕೊರಳಲ್ಲಿ ಪದಕದ ಸರ ಹಾಕಿಕೊಂಡು ಸಮಾರಂಭಗಳಿಗೆ ಬರುವವರು. ಅವರದ್ದು ಗೌರವದ ಹುದ್ದೆ, ನಿಮ್ಮ ದೂರಿಗೆ ಅವರು ಸರಿಯಾದ ಜಾಗವಲ್ಲ.

ನೀರು ಮತ್ತು ಒಳಚರಂಡಿಗೆ ಯುನೈಟೆಡ್ ಯುಟಿಲಿಟೀಸ್. ಕರೆಂಟ್ ಹೋದರೆ 105ಕ್ಕೆ ಕರೆ ಮಾಡಿ, ಬಿಲ್ ಕಳಿಸುವ ಕಂಪನಿಗಲ್ಲ. ಗ್ಯಾಸ್ ವಾಸನೆ ಬಂದರೆ ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 0800 111 999. ಊರಿನ ಮಧ್ಯೆ ಹಾದುಹೋಗುವ ಎಂ60 ಹೆದ್ದಾರಿ ರಾಷ್ಟ್ರಮಟ್ಟದ ಸಂಸ್ಥೆಯದ್ದು, ಆಸ್ಪತ್ರೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನದ್ದು. ನಿಮ್ಮ ಬೀದಿಯ ಗುಂಡಿ, ದೀಪ, ಪಾರ್ಕು, ಲೈಬ್ರರಿ, ಪಕ್ಕದ ಮನೆಯವರು ಕಟ್ಟುತ್ತಿರುವ ಹೊಸ ಕೋಣೆಯ ಪರವಾನಗಿ, ಇವೆಲ್ಲ ಬರೋ ಕೌನ್ಸಿಲ್‌ನವು.

ಚರಂಡಿ ಕಟ್ಟಿಕೊಂಡರೆ ಯಾರು ದುಡ್ಡು ಕೊಡಬೇಕು ಅನ್ನುವ ಜಗಳ ಸಾಲುಮನೆಗಳಲ್ಲಿ ಮಾಮೂಲು. ಒಂದಕ್ಕಿಂತ ಹೆಚ್ಚು ಮನೆ ಹಂಚಿಕೊಳ್ಳುವ ಕೊಳವೆ 2011ರ ಅಕ್ಟೋಬರ್ 1ರಿಂದ ನೀರಿನ ಕಂಪನಿಯ ಹೊಣೆ. ಬರೀ ನಿಮ್ಮ ಮನೆಗೆ ಸೇರಿದ ಭಾಗ ಮನೆ ಮಾಲೀಕರದ್ದು. ಪ್ಲಂಬರನ್ನು ಕರೆಸಿ ದುಡ್ಡು ತೆರುವ ಮೊದಲು ಯಾವ ಭಾಗ ಕಟ್ಟಿದೆ ಎಂದು ನೋಡಿ. ಕರಿದ ಎಣ್ಣೆ, ತುಪ್ಪ ಸಿಂಕಿಗೆ ಹೋದರೆ ತಣ್ಣನೆಯ ಕೊಳವೆಯೊಳಗೆ ಗಟ್ಟಿಯಾಗಿ ಕೂರುತ್ತದೆ. ಕಟ್ಟಿಕೊಳ್ಳುವುದು ಬಹಳ ಸಲ ಹೀಗೆಯೇ. ಆರಿದ ಎಣ್ಣೆಯನ್ನು ಹಳೆಯ ಡಬ್ಬಿಗೆ ಸುರಿದು ಮುಚ್ಚಿಡಿ, ಬಾಣಲೆಯನ್ನು ತೊಳೆಯುವ ಮೊದಲು ಪೇಪರಿನಿಂದ ಒರೆಸಿ.

ಪೋಸ್ಟ್‌ಕೋಡ್ ಎಸ್‌ಕೆ ಇದೆ. ಅಂದರೆ ಸ್ಟಾಕ್‌ಪೋರ್ಟ್ ಕೌನ್ಸಿಲ್ ತಾನೇ?

ಇದನ್ನು ನಂಬಿ ಮನೆ ಹಿಡಿಯಬೇಡಿ. ಎಸ್‌ಕೆ ಅಂಚೆಯವರ ಗೆರೆ. ಎಸ್‌ಕೆ 9 ವಿಲ್ಮ್ಸ್ಲೋ ಮತ್ತು ಎಸ್‌ಕೆ 10 ಮ್ಯಾಕಲ್ಸ್‌ಫೀಲ್ಡ್ ಇರುವುದು ಚೆಷರ್ ಈಸ್ಟ್‌ನಲ್ಲಿ. ಎಸ್‌ಕೆ 13 ಗ್ಲಾಸಪ್ ಡರ್ಬಿಷರಿಗೆ ಸೇರಿದ್ದು, ಎಸ್‌ಕೆ 14 ಹೈಡ್ ಟೇಮ್‌ಸೈಡ್‌ಗೆ. ಕೌನ್ಸಿಲ್ ಬದಲಾದರೆ ತೆರಿಗೆ, ಶಾಲೆಯ ನಿಯಮ, ಕಸದ ಡಬ್ಬಿಯ ಬಣ್ಣ ಎಲ್ಲ ಬದಲು. ಸರ್ಕಾರದ ಗವ್ ಡಾಟ್ ಯುಕೆ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಯಾವ ಕೌನ್ಸಿಲ್ ಎಂದು ತೋರಿಸುತ್ತದೆ. ಮನೆ ನೋಡಲು ಹೊರಡುವ ಮೊದಲೇ ಈ ಕೆಲಸ ಮುಗಿಸಿ.

ಯಾವ ಭಾಗದಲ್ಲಿ ಮನೆ ನೋಡಬೇಕು?

ಕೆಲಸ ಎಲ್ಲಿ ಅನ್ನುವುದೇ ಮುಖ್ಯ. ಸ್ಟೆಪ್ಪಿಂಗ್ ಹಿಲ್ ಆಸ್ಪತ್ರೆಯಾದರೆ ಹೇಜಲ್ ಗ್ರೋವ್ ಹತ್ತಿರ. ವಿದೆನ್‌ಶಾ ಆಸ್ಪತ್ರೆ ಅಥವಾ ವಿಮಾನ ನಿಲ್ದಾಣವಾದರೆ ಗ್ಯಾಟ್ಲಿ, ಹೀಲ್ಡ್ ಗ್ರೀನ್, ಚೀಡಲ್. ಮ್ಯಾಂಚೆಸ್ಟರ್ ನಗರದೊಳಗೆ ಆಫೀಸಾದರೆ ರೈಲು ನಿಲ್ದಾಣವಿರುವ ಹೀಟನ್ ಚಾಪೆಲ್, ಚೀಡಲ್ ಹ್ಯೂಮ್ ಅಥವಾ ಸ್ಟಾಕ್‌ಪೋರ್ಟ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಎಜ್ಲಿ. ಎಜ್ಲಿಯಲ್ಲಿ ಕೆಳಗೆ ಎರಡು, ಮೇಲೆ ಎರಡು ಕೋಣೆಯ ಹಳೆಯ ಇಟ್ಟಿಗೆಯ ಸಾಲುಮನೆಗಳೇ ಹೆಚ್ಚು, ಬಾಡಿಗೆಯೂ ಕಡಿಮೆ. ಬ್ರಾಮ್‌ಹಾಲ್ ದುಬಾರಿ. ಮಾರ್ಪಲ್ ಕಡೆ ಹೋದರೆ ಕಾಲುವೆ, ಗುಡ್ಡ, ಪೀಕ್ ಡಿಸ್ಟ್ರಿಕ್ಟ್ ಬಾಗಿಲಲ್ಲೇ. ಆದರೆ ಪ್ರತಿ ದಿನದ ಓಡಾಟ ಉದ್ದ.

ವಿಮಾನದ ಸದ್ದನ್ನು ಮರೆಯಬೇಡಿ. ಪಶ್ಚಿಮದ ಗಾಳಿ ಬೀಸುವ ದಿನ, ಅಂದರೆ ವರ್ಷದ ಬಹುಪಾಲು, ಮ್ಯಾಂಚೆಸ್ಟರಿಗೆ ಇಳಿಯುವ ವಿಮಾನಗಳು ಸ್ಟಾಕ್‌ಪೋರ್ಟ್ ಮೇಲಿಂದಲೇ ಬರುತ್ತವೆ. ಮನೆಯನ್ನು ಸಂಜೆ ಒಂದು ಸಲ, ಬೆಳಿಗ್ಗೆ ಬೇಗ ಒಂದು ಸಲ ನೋಡಿ.

ಬಾಡಿಗೆ ಮನೆಗೆ ಅಡ್ವಾನ್ಸ್ ಎಷ್ಟು?

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಪದ್ಧತಿ ಇಲ್ಲಿಲ್ಲ. 2019ರ ಕಾನೂನಿನಂತೆ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಠೇವಣಿ ಗರಿಷ್ಠ ಐದು ವಾರದ ಬಾಡಿಗೆ. ತಿಂಗಳಿಗೆ 1,200 ಪೌಂಡ್ ಬಾಡಿಗೆಯಾದರೆ ವರ್ಷಕ್ಕೆ 14,400. ಅದನ್ನು 52ರಿಂದ ಭಾಗಿಸಿ ಐದರಿಂದ ಗುಣಿಸಿದರೆ 1,384 ಪೌಂಡ್ 61 ಪೆನ್ಸ್. ಅದಕ್ಕಿಂತ ಒಂದು ಪೌಂಡ್ ಹೆಚ್ಚು ಕೇಳಿದರೂ ಕಾನೂನುಬಾಹಿರ. ಮನೆಯನ್ನು ನಿಮಗಾಗಿ ಹಿಡಿದಿಡಲು ಒಂದು ವಾರದ ಬಾಡಿಗೆ ತೆಗೆದುಕೊಳ್ಳಬಹುದು. ಅದನ್ನು ಆಮೇಲೆ ಲೆಕ್ಕಕ್ಕೆ ಹಿಡಿಯಬೇಕು. ಠೇವಣಿ ಕೊಟ್ಟ 30 ದಿನದೊಳಗೆ ಮಾಲೀಕರು ಅದನ್ನು ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ ನೋಂದಾಯಿಸಿ ನಿಮಗೆ ಕಾಗದ ಕೊಡಬೇಕು. ಕೊಡದಿದ್ದರೆ ಕೋರ್ಟು ಠೇವಣಿಯ ಒಂದರಿಂದ ಮೂರು ಪಟ್ಟು ಪರಿಹಾರ ಕೊಡಿಸಬಲ್ಲದು.

ಹೊಸದಾಗಿ ಬಂದವರಿಗೆ ಇಲ್ಲಿಯ ಸಾಲದ ಚರಿತ್ರೆ ಇರುವುದಿಲ್ಲವೆಂದು ಏಜೆಂಟರು ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದ ಕಾಲವೊಂದಿತ್ತು. ಬಾಡಿಗೆದಾರರ ಹಕ್ಕುಗಳ ಹೊಸ ಕಾಯ್ದೆ 2026ರ ಮೇ 1ರಿಂದ ಜಾರಿಗೆ ಬಂದ ಮೇಲೆ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಕಾರಣ ಕೊಡದೆ ಮನೆ ಬಿಡಿಸುವಂತೆಯೂ ಇಲ್ಲ. ಅದರ ಬದಲು ಜಾಮೀನುದಾರರನ್ನು ಕೇಳಬಹುದು. ಕೆಲಸದ ಕರಾರುಪತ್ರ, ಸಂಬಳದ ಪತ್ರ ಸಿದ್ಧವಾಗಿರಲಿ. ವೀಸಾ ತೋರಿಸಲು ಇ-ವೀಸಾ ಖಾತೆಯಿಂದ ಶೇರ್ ಕೋಡ್ ತೆಗೆಯಬೇಕು. ಅದು 90 ದಿನ ಮಾತ್ರ ನಡೆಯುತ್ತದೆ. ಊರಿನಿಂದಲೇ ಫೋಟೊ ನೋಡಿ ದುಡ್ಡು ಕಳಿಸಿ ಮೋಸ ಹೋಗುವವರು ಈಗಲೂ ಇದ್ದಾರೆ. ಪರಿಚಯದ ಒಬ್ಬರಾದರೂ ಒಳಗೆ ಕಾಲಿಟ್ಟು ನೋಡದ ಮನೆಗೆ ಒಂದು ಪೌಂಡನ್ನೂ ಕಳಿಸಬೇಡಿ.

ಕೌನ್ಸಿಲ್ ಟ್ಯಾಕ್ಸ್ ಅಂದರೆ ಏನು? ಬಾಡಿಗೆಗೆ ಇರುವವರೂ ಕಟ್ಟಬೇಕೇ?

ಹೌದು. ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವರೇ ಕಟ್ಟುತ್ತಾರೆ, ಮಾಲೀಕರಲ್ಲ. ಬಾಡಿಗೆಯ ಜಾಹೀರಾತಿನಲ್ಲಿ ಕಾಣುವ ಮೊತ್ತದಲ್ಲಿ ಇದು ಸೇರಿರುವುದಿಲ್ಲ. ಮೊದಲ ತಿಂಗಳ ಲೆಕ್ಕ ತಪ್ಪುವುದು ಇಲ್ಲೇ.

ಪ್ರತಿ ಮನೆಗೂ ಎ ಇಂದ ಎಚ್ ವರೆಗೆ ಒಂದು ಬ್ಯಾಂಡ್ ಇರುತ್ತದೆ. ಅದು ಇವತ್ತಿನ ಬೆಲೆಯಲ್ಲ, 1991ರ ಏಪ್ರಿಲ್ 1ರಂದು ಆ ಮನೆ ಎಷ್ಟು ಬಾಳುತ್ತಿತ್ತು ಅನ್ನುವ ಅಂದಾಜು. ಆಗ 40,000 ಪೌಂಡಿನವರೆಗಿದ್ದರೆ ಎ, 68,000ದಿಂದ 88,000ದವರೆಗೆ ಡಿ, 3,20,000 ದಾಟಿದರೆ ಎಚ್. ಕೌನ್ಸಿಲ್ ಪ್ರತಿ ವರ್ಷ ಡಿ ಬ್ಯಾಂಡಿಗೆ ದರ ಗೊತ್ತು ಮಾಡುತ್ತದೆ. ಎ ಅದರ ಒಂಬತ್ತರಲ್ಲಿ ಆರು ಪಾಲು, ಬಿ ಏಳು, ಸಿ ಎಂಟು, ಇ ಹನ್ನೊಂದು, ಎಫ್ ಹದಿಮೂರು, ಜಿ ಹದಿನೈದು, ಎಚ್ ಹದಿನೆಂಟು. ಡಿಗೆ 2,400 ಪೌಂಡ್ ಎಂದಿಟ್ಟುಕೊಂಡರೆ ಎ ಬ್ಯಾಂಡಿನವರು 1,600, ಎಚ್ ಬ್ಯಾಂಡಿನವರು 4,800 ಕಟ್ಟುತ್ತಾರೆ. ಅದೇ ಬೀದಿಯಲ್ಲಿ, ಅದೇ ಅಳತೆಯ ಎರಡು ಮನೆಗೆ ಬೇರೆ ಬ್ಯಾಂಡ್ ಇರುವುದುಂಟು, ಆದ್ದರಿಂದ ಮನೆ ಹಿಡಿಯುವ ಮೊದಲು ವಿಳಾಸ ಹಾಕಿ ನೋಡಿ.

ಕಂತು ಏಪ್ರಿಲ್‌ನಿಂದ ಜನವರಿವರೆಗೆ ಹತ್ತು. ಕೇಳಿಕೊಂಡರೆ ಹನ್ನೆರಡು ಮಾಡಿಕೊಡಬೇಕು. ಒಂದು ಕಂತು ತಪ್ಪಿದರೆ ನೆನಪೋಲೆ ಬರುತ್ತದೆ, ಏಳು ದಿನದೊಳಗೆ ಕಟ್ಟಬೇಕು. ಅದನ್ನೂ ಕಡೆಗಣಿಸಿದರೆ ಉಳಿದ ವರ್ಷದ ಮೊತ್ತವನ್ನು ಒಟ್ಟಿಗೇ ಕೇಳುತ್ತಾರೆ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಅದರ ಖರ್ಚೂ ನಿಮ್ಮದೇ. ದುಡ್ಡಿನ ತಾಪತ್ರಯ ಇದ್ದರೆ ನೆನಪೋಲೆ ಬಂದ ದಿನವೇ ಫೋನ್ ಮಾಡಿ. ಆ ಹಂತದಲ್ಲಿ ಕಂತನ್ನು ಮತ್ತೆ ಜೋಡಿಸಿಕೊಡುವುದುಂಟು, ಸಮನ್ಸ್ ಬಂದ ಮೇಲೆ ಕಷ್ಟ. ಮನೆ ಬದಲಿಸುವಾಗಲೂ ತಿಳಿಸಿ. ಇಲ್ಲದಿದ್ದರೆ ಹಳೆಯ ಮನೆಯ ಬಿಲ್ ನಿಮ್ಮ ಹೆಸರಲ್ಲೇ ಓಡುತ್ತಿರುತ್ತದೆ.

ರಿಯಾಯಿತಿ ತೆಗೆದುಕೊಂಡರೆ ವೀಸಾಗೆ ತೊಂದರೆಯೇ?

ಇದನ್ನು ನಿಧಾನವಾಗಿ ಓದಿ. ನಿಮ್ಮ ವೀಸಾದಲ್ಲಿ ಸಾರ್ವಜನಿಕ ನೆರವು ಪಡೆಯುವಂತಿಲ್ಲ ಎಂಬ ಷರತ್ತಿದ್ದರೂ ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದಾಗ ಸಿಗುವ ಶೇಕಡಾ 25ರ ರಿಯಾಯಿತಿ ಆ ನೆರವಿನ ಲೆಕ್ಕಕ್ಕೆ ಬರುವುದಿಲ್ಲ. ವಿದ್ಯಾರ್ಥಿಗಳಿಗಿರುವ ವಿನಾಯಿತಿಯೂ ಹಾಗೆಯೇ. ಇವನ್ನು ಧೈರ್ಯವಾಗಿ ಕೇಳಿ. ಆದರೆ ಕಡಿಮೆ ಆದಾಯದವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಎಂಬುದು ಸಾರ್ವಜನಿಕ ನೆರವು. ಷರತ್ತು ಇರುವವರು ಅದಕ್ಕೆ ಅರ್ಜಿ ಹಾಕಬಾರದು. ಹೆಸರುಗಳು ಹತ್ತಿರ ಹತ್ತಿರ ಇರುವುದರಿಂದ ಅರ್ಜಿಯಲ್ಲಿ ತಪ್ಪು ಪೆಟ್ಟಿಗೆಗೆ ಗುರುತು ಹಾಕುವವರಿದ್ದಾರೆ, ಅದರ ಪರಿಣಾಮ ವೀಸಾ ನವೀಕರಣದ ಹೊತ್ತಿಗೆ ತಲೆದೋರುತ್ತದೆ.

ಮನೆಯಲ್ಲಿ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ತೆರಿಗೆಯೇ ಇಲ್ಲ. ಒಬ್ಬರು ವಿದ್ಯಾರ್ಥಿ, ಇನ್ನೊಬ್ಬರು ಕೆಲಸದಲ್ಲಿದ್ದರೆ ಒಬ್ಬರೇ ಇದ್ದಂತೆ ಲೆಕ್ಕ, ಶೇಕಡಾ 25 ಕಡಿಮೆ. ವಿಶ್ವವಿದ್ಯಾಲಯದಿಂದ ಪ್ರಮಾಣಪತ್ರ ತೆಗೆದು ಕಳಿಸಿ. ತಾನಾಗಿ ಯಾರೂ ಕೊಡುವುದಿಲ್ಲ.

ಕಸದ ಡಬ್ಬಿಗಳು ನಾಲ್ಕು ಬಣ್ಣದಲ್ಲಿವೆ. ಯಾವುದಕ್ಕೆ ಏನು?

ಸ್ಟಾಕ್‌ಪೋರ್ಟ್‌ನಲ್ಲಿ ನೀಲಿ ಪೇಪರ್, ರಟ್ಟು ಮತ್ತು ಜ್ಯೂಸ್ ಡಬ್ಬಿಗೆ. ಕಂದು ಬಾಟಲಿ, ಗಾಜು, ತಗಡಿನ ಡಬ್ಬಿಗೆ. ಹಸಿರು ಆಹಾರ ಮತ್ತು ತೋಟದ ಕಸಕ್ಕೆ. ಕಪ್ಪು ಉಳಿದದ್ದಕ್ಕೆ. ಟ್ರಾಫರ್ಡ್‌ನಲ್ಲಿ ಕಪ್ಪು ಡಬ್ಬಿ ಬಾಟಲಿ, ಗಾಜಿನದ್ದು, ಉಳಿದ ಕಸಕ್ಕೆ ಬೂದು. ಬೋಲ್ಟನ್‌ನಲ್ಲಿ ಬಣ್ಣಗಳೇ ಬೇರೆ. ಟ್ರಾಫರ್ಡ್‌ನ ಸೇಲ್‌ನಿಂದ ಚೀಡಲ್‌ಗೆ ಮನೆ ಬದಲಿಸಿದವರು ಅಭ್ಯಾಸಬಲದಿಂದ ಬಾಟಲಿಗಳನ್ನೆಲ್ಲ ಕಪ್ಪಿಗೆ ತುಂಬುತ್ತಾರೆ, ಅವೆಲ್ಲ ಮರುಬಳಕೆಗೆ ಹೋಗದೆ ಉಳಿಯುತ್ತವೆ.

ನಮ್ಮ ಅಡುಗೆಮನೆಯಿಂದ ಬರುವ ಕಸದಲ್ಲಿ ಸಾಮಾನ್ಯವಾಗಿ ಎಡವುವುದು ಇಲ್ಲಿ. ಉಳಿದ ಅನ್ನ, ತರಕಾರಿ ಸಿಪ್ಪೆ, ಚಹಾದ ಚರಟ, ಮೂಳೆ ಹಸಿರಿಗೆ, ಆದರೆ ಕೊಳೆಯುವ ಚೀಲದಲ್ಲಿ ಕಟ್ಟಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಇಡೀ ಡಬ್ಬಿ ಕೆಟ್ಟಂತೆ. ಸಾರಿನ ನೀರನ್ನು ಬಸಿದು ಹಾಕಿ. ಹತ್ತು ಕಿಲೊ ಅಕ್ಕಿಯ ನೇಯ್ದ ಪ್ಲಾಸ್ಟಿಕ್ ಚೀಲ ಕಪ್ಪಿಗೆ. ತುಪ್ಪದ ತಗಡಿನ ಡಬ್ಬಿಯನ್ನು ಬಿಸಿನೀರಲ್ಲಿ ಜಾಲಾಡಿ ಕಂದಿಗೆ. ಎಣ್ಣೆ ಹಿಡಿದ ಪಿಜ್ಜಾ ರಟ್ಟು ಮತ್ತು ಟಿಶ್ಯೂ ನೀಲಿಗೆ ಸಲ್ಲವು. ಒಡೆದ ಕುಡಿಯುವ ಲೋಟ, ಒವನ್ ಗಾಜಿನ ಪಾತ್ರೆ ಕಂದಿಗೆ ಸಲ್ಲವು, ಅವು ಕರಗುವ ಶಾಖವೇ ಬೇರೆ. ಹಳೆಯ ಕುಕ್ಕರ್, ಮಿಕ್ಸಿಯನ್ನು ಆಡ್ಸ್‌ವುಡ್, ಬ್ರೆಡ್‌ಬರಿ ಅಥವಾ ಮಾರ್ಪಲ್‌ನ ರೋಸ್ ಹಿಲ್‌ನಲ್ಲಿರುವ ಮರುಬಳಕೆ ಕೇಂದ್ರಕ್ಕೆ ಒಯ್ಯಬೇಕು. ಬ್ಯಾಟರಿಯನ್ನು ಯಾವ ಡಬ್ಬಿಗೂ ಹಾಕಬೇಡಿ, ಲಾರಿಯೊಳಗೆ ಜಜ್ಜಿದಾಗ ಬೆಂಕಿ ಹೊತ್ತಿಕೊಳ್ಳುತ್ತದೆ. ದೊಡ್ಡ ಸೂಪರ್ ಮಾರ್ಕೆಟ್‌ಗಳ ಬಾಗಿಲಲ್ಲಿ ಅದಕ್ಕೆ ಪೆಟ್ಟಿಗೆ ಇಟ್ಟಿರುತ್ತಾರೆ.

ಯಾವ ವಾರ ಯಾವ ಬಣ್ಣ ಎಂದು ಕೌನ್ಸಿಲ್ ತಾಣದಲ್ಲಿ ವಿಳಾಸ ಹಾಕಿ ನೋಡಿ ಫ್ರಿಜ್ ಮೇಲೆ ಅಂಟಿಸಿ. ಮುಚ್ಚಳ ಪೂರ್ತಿ ಮುಚ್ಚಿರಬೇಕು, ಪಕ್ಕದಲ್ಲಿಟ್ಟ ಹೆಚ್ಚುವರಿ ಚೀಲವನ್ನು ಬಿಟ್ಟು ಹೋಗುತ್ತಾರೆ.

ಬಾಯ್ಲರ್ ನಿಂತುಹೋಗಿದೆ, ಮನೆ ತಣ್ಣಗಿದೆ. ಮೊದಲು ಏನು ನೋಡಲಿ?

ಒತ್ತಡದ ಮುಳ್ಳು. ತಣ್ಣಗಿರುವಾಗ ಅದು 1ರಿಂದ 1.5 ಬಾರ್ ನಡುವೆ ಇರಬೇಕು. ಅದಕ್ಕಿಂತ ಬಹಳ ಕೆಳಗಿಳಿದರೆ ಯಂತ್ರ ತಾನೇ ನಿಲ್ಲುತ್ತದೆ. ಬಾಯ್ಲರ್ ಕೆಳಗೆ ಹೆಣೆದ ತಂತಿಯ ಸಣ್ಣ ಕೊಳವೆ, ಅದರ ಎರಡು ಕಡೆ ಎರಡು ತಿರುಪು ಇರುತ್ತವೆ. ಬಾಯ್ಲರ್ ಆರಿಸಿ, ಎರಡನ್ನೂ ನಿಧಾನವಾಗಿ ತೆರೆದು, ಮುಳ್ಳು 1.5ಕ್ಕೆ ಬಂದ ಕೂಡಲೇ ಎರಡನ್ನೂ ಮುಚ್ಚಿ. ಮುಚ್ಚಲು ಮರೆತರೆ ಒತ್ತಡ 3 ಬಾರ್ ದಾಟಿ ಹೊರಗಿನ ಸುರಕ್ಷಾ ಕೊಳವೆಯಿಂದ ನೀರು ಸುರಿಯುತ್ತದೆ. ಮಾದರಿಗೆ ತಕ್ಕಂತೆ ವ್ಯವಸ್ಥೆ ಬೇರೆ ಇರಬಹುದು, ಕೈಪಿಡಿ ನೋಡಿ. ಪ್ರತಿ ವಾರ ಒತ್ತಡ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಮಾಲೀಕರಿಗೆ ಬರೆದು ತಿಳಿಸಿ.

ಶೂನ್ಯಕ್ಕಿಂತ ಕೆಳಗಿಳಿದ ರಾತ್ರಿಯ ಮರುದಿನ ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತರೆ ಹೊರಗೋಡೆಯ ಮೇಲಿರುವ ಪ್ಲಾಸ್ಟಿಕ್ ಕೊಳವೆ ಹೆಪ್ಪುಗಟ್ಟಿದೆ ಎಂದು ತಿಳಿಯಿರಿ. ಬಾಯ್ಲರಿನೊಳಗೆ ಆವಿ ತಣಿದು ಬರುವ ನೀರು ಹೊರಹೋಗುವುದು ಅದರಲ್ಲಿ. ಉಗುರುಬೆಚ್ಚಗಿನ ನೀರನ್ನು ಅದರ ಮೇಲೆ ಸುರಿದು, ಆಮೇಲೆ ರೀಸೆಟ್ ಗುಂಡಿ ಒತ್ತಿ. ಕುದಿಯುವ ನೀರು ಹಾಕಿದರೆ ಕೊಳವೆ ಸೀಳುತ್ತದೆ. ರೇಡಿಯೇಟರಿನ ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿದೆ. ಚಿಕ್ಕ ಕೀಲಿಯನ್ನು ಅರ್ಧ ಸುತ್ತು ತಿರುಗಿಸಿ, ಸುಯ್ ಎಂಬ ಸದ್ದು ಮುಗಿದು ನೀರು ಜಿನುಗಿದಾಗ ಬಿಗಿ ಮಾಡಿ. ಇದಾದ ಮೇಲೆ ಒತ್ತಡ ಮತ್ತೆ ನೋಡಬೇಕು.

ಬಾಯ್ಲರಿನ ಮುಚ್ಚಳ ಬಿಚ್ಚುವುದು ನೋಂದಾಯಿತ ಗ್ಯಾಸ್ ಎಂಜಿನಿಯರ್ ಮಾತ್ರ ಮಾಡುವ ಕೆಲಸ. ಬಾಡಿಗೆ ಮನೆಗೆ ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷತಾ ತಪಾಸಣೆ ಮಾಲೀಕರ ಹೊಣೆ, ಪ್ರತಿ ನಿಮಗೆ ಸಿಗಬೇಕು.

ಗೋಡೆಗೆ ಬೂಷ್ಟು ಹಿಡಿಯುತ್ತಿದೆ. ಅಡುಗೆಯೇ ಕಾರಣ ಅನ್ನುತ್ತಾರೆ, ನಿಜವೇ?

ಸ್ವಲ್ಪ ನಿಜ, ಪೂರ್ತಿ ಅಲ್ಲ. ಅನ್ನ, ಇಡ್ಲಿ ಬೇಯಿಸುವ ಆವಿ, ಒಳಗೆ ಒಣಹಾಕಿದ ಬಟ್ಟೆ, ಸ್ನಾನದ ಆವಿ ಎಲ್ಲ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ. ಕುಕ್ಕರ್ ಕೂಗುವಾಗ ಅಡುಗೆಮನೆಯ ಬಾಗಿಲು ಮುಚ್ಚಿ ಫ್ಯಾನ್ ಹಾಕಿ, ಅಡುಗೆ ಮುಗಿದ ಮೇಲೂ ಕಾಲು ಗಂಟೆ ಓಡಲಿ. ಬೀರು, ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡಿ. ಮನೆಯನ್ನು ದಿನಕ್ಕೊಮ್ಮೆ ಜೋರಾಗಿ ಕಾಯಿಸಿ ಆರಿಸುವುದಕ್ಕಿಂತ ಒಂದೇ ಹದದಲ್ಲಿ, 18 ಡಿಗ್ರಿ ಆಸುಪಾಸು ಇಟ್ಟರೆ ಗೋಡೆ ತಣ್ಣಗಾಗದು.

ಆದರೆ ನೆಲದಿಂದ ಮೇಲಕ್ಕೆ ಏರುವ ಪಸೆ, ಮಳೆ ಬಂದಾಗ ಮಾತ್ರ ಮೂಡುವ ಕಲೆ, ಸೂರಿನಂಚಿನ ಒಡೆದ ದೋಣಿಯಿಂದ ಇಳಿಯುವ ನೀರು ಅಡುಗೆಯಿಂದ ಬರುವುದಿಲ್ಲ. ಅದು ಕಟ್ಟಡದ ದೋಷ. ತಾರೀಖು ಸಹಿತ ಫೋಟೊ ತೆಗೆದು ಇಮೇಲ್ ಮಾಡಿ. ಮಾಲೀಕರು ಕದಲದಿದ್ದರೆ ಕೌನ್ಸಿಲ್‌ನ ವಸತಿ ವಿಭಾಗಕ್ಕೆ ದೂರು ಕೊಡಿ. ಗಂಭೀರ ಅಪಾಯ ಕಂಡರೆ ಕ್ರಮ ಕೈಗೊಳ್ಳುವುದು ಅವರ ಕಾನೂನಿನ ಕರ್ತವ್ಯ. ಇದೇ ಗ್ರೇಟರ್ ಮ್ಯಾಂಚೆಸ್ಟರಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದ ಉಸಿರಾಟ ಕೆಟ್ಟು ತೀರಿಕೊಂಡಿತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿಯ ಮನೆಗಳಿಗೆ ಅನ್ವಯಿಸುತ್ತಿದೆ. ಬೂಷ್ಟನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ.

ಮಗುವಿನ ಶಾಲೆಗೆ ಯಾವಾಗ, ಯಾರಿಗೆ ಅರ್ಜಿ?

ಶಾಲೆ ಯಾವ ಬರೋದಲ್ಲೇ ಇರಲಿ, ಅರ್ಜಿ ನೀವು ವಾಸ ಇರುವ ಕೌನ್ಸಿಲ್‌ಗೆ. ಮಗುವಿಗೆ ನಾಲ್ಕು ತುಂಬಿದ ನಂತರದ ಸೆಪ್ಟೆಂಬರಿನಲ್ಲಿ ಪ್ರಾಥಮಿಕ ಶಾಲೆಯ ಮೊದಲ ತರಗತಿಯಾದ ರಿಸೆಪ್ಷನ್ ಶುರು. 2022ರ ಸೆಪ್ಟೆಂಬರ್ 1ರಿಂದ 2023ರ ಆಗಸ್ಟ್ 31ರ ನಡುವೆ ಹುಟ್ಟಿದ ಮಗುವಿಗೆ 2027ರ ಸೆಪ್ಟೆಂಬರ್. ಅರ್ಜಿಯ ಕೊನೆಯ ದಿನ 2027ರ ಜನವರಿ 15. ಫಲಿತಾಂಶ ಏಪ್ರಿಲ್ 16ರ ಹೊತ್ತಿಗೆ. ಮಾಧ್ಯಮಿಕ ಶಾಲೆಗೆ ಅಕ್ಟೋಬರ್ 31 ಕೊನೆ, ಮಾರ್ಚ್ 1ರ ಹೊತ್ತಿಗೆ ಉತ್ತರ.

ಒಂದೇ ಶಾಲೆ ಬರೆದರೆ ಅದನ್ನೇ ಕೊಡುತ್ತಾರೆ ಅನ್ನುವ ನಂಬಿಕೆ ತಪ್ಪು. ನೀವು ಅದನ್ನು ಎಷ್ಟನೆಯದಾಗಿ ಬರೆದಿರಿ ಎಂಬುದನ್ನು ಸೀಟು ಕೊಡುವ ಲೆಕ್ಕದಲ್ಲಿ ಹಿಡಿಯುವುದೇ ಇಲ್ಲ. ಅಣ್ಣ ಅಥವಾ ಅಕ್ಕ ಅಲ್ಲಿದ್ದಾರೆಯೇ, ಮನೆಯಿಂದ ಎಷ್ಟು ದೂರ ಎಂಬಂಥ ನಿಯಮಗಳಿಂದ ಸೀಟು ನಿರ್ಧಾರ. ಒಂದನ್ನೇ ಬರೆದು ಅದು ಸಿಗದಿದ್ದರೆ ಎಲ್ಲರೂ ಬಿಟ್ಟ, ದೂರದ ಶಾಲೆ ಪಾಲಿಗೆ ಬರುತ್ತದೆ. ಕನಿಷ್ಠ ಮೂರು ಬರೆಯಿರಿ, ಅದರಲ್ಲಿ ಒಂದು ಖಂಡಿತ ಸಿಗುವಷ್ಟು ಹತ್ತಿರದ್ದಿರಲಿ. ಚರ್ಚಿಗೆ ಸೇರಿದ ಶಾಲೆಗಳು ಇನ್ನೊಂದು ನಮೂನೆ ಕೇಳುತ್ತವೆ. ವರ್ಷದ ಮಧ್ಯೆ ಬಂದವರಿಗೆ ಬೇರೆ ಅರ್ಜಿ ಇದೆ. ಆಗ ಸೀಟು ಖಾಲಿ ಇರುವ ಶಾಲೆಯೇ ಗತಿ.

ಗ್ರಾಮರ್ ಶಾಲೆ ಬೇಕೆಂದವರು ಟ್ರಾಫರ್ಡ್ ಕಡೆ ನೋಡುತ್ತಾರೆ. ಸ್ಟಾಕ್‌ಪೋರ್ಟ್‌ನಲ್ಲಿ ಪರೀಕ್ಷೆ ಬರೆಸಿ ಸೇರಿಸಿಕೊಳ್ಳುವ ಸರ್ಕಾರಿ ಗ್ರಾಮರ್ ಶಾಲೆ ಇಲ್ಲ, ಸ್ಟಾಕ್‌ಪೋರ್ಟ್ ಗ್ರಾಮರ್ ಖಾಸಗಿ. ನಮ್ಮ ಅಭಿಪ್ರಾಯ ಕೇಳಿದರೆ, ಹತ್ತು ವರ್ಷದ ಮಗುವಿನ ಪರೀಕ್ಷೆಗಾಗಿ ಮನೆ ಬದಲಿಸುವ ಮೊದಲು ಹತ್ತಿರದ ಎಲ್ಲರಿಗೂ ತೆರೆದ ಶಾಲೆಗಳನ್ನು ಒಮ್ಮೆ ಹೋಗಿ ನೋಡಿ.

ಮದುವೆಗೆಂದು ಶಾಲೆಯ ದಿನಗಳಲ್ಲಿ ಊರಿಗೆ ಹೋಗಬಹುದೇ?

ಮುಖ್ಯೋಪಾಧ್ಯಾಯರು ಒಪ್ಪದೆ ಹೋದರೆ ದಂಡ. ಹತ್ತು ಶಾಲಾ ವಾರಗಳೊಳಗೆ ಐದು ದಿನದಷ್ಟು ಒಪ್ಪಿಗೆಯಿಲ್ಲದ ಗೈರು ಸೇರಿದರೆ ಪ್ರತಿ ಮಗುವಿಗೆ, ತಂದೆ ತಾಯಿ ಇಬ್ಬರಿಗೂ ತಲಾ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಇಬ್ಬರು ಮಕ್ಕಳಿದ್ದರೆ ಮೊದಲ ಸಲವೇ 320 ಪೌಂಡ್ ಆಯಿತು. ಮೂರು ವರ್ಷದೊಳಗೆ ಎರಡನೆಯ ಸಲ ನೇರವಾಗಿ 160. ಟಿಕೆಟ್ ಕೊಳ್ಳುವ ಮೊದಲು ಬರೆದು ಕೇಳಿ. ಜ್ವರ ಎಂದು ಸುಳ್ಳು ಹೇಳಬೇಡಿ, ಮಗುವೇ ತರಗತಿಯಲ್ಲಿ ಮದುವೆಯ ಸುದ್ದಿ ಹೇಳುತ್ತದೆ.

ಕಾರಿಲ್ಲದೆ ಓಡಾಡಬಹುದೇ?

ಪೇಟೆ, ಮ್ಯಾಂಚೆಸ್ಟರ್, ಆಸ್ಪತ್ರೆ ಮಟ್ಟಿಗೆ ಚೆನ್ನಾಗಿಯೇ ಆಗುತ್ತದೆ. 192ನೇ ಬಸ್ಸು ಹೇಜಲ್ ಗ್ರೋವ್‌ನಿಂದ ಎ6 ರಸ್ತೆಯುದ್ದಕ್ಕೂ ಸ್ಟಾಕ್‌ಪೋರ್ಟ್ ಹಾದು ಮ್ಯಾಂಚೆಸ್ಟರಿಗೆ ಹೋಗುತ್ತದೆ. 2025ರ ಜನವರಿ 5ರಿಂದ ಇಲ್ಲಿಯ ಬಸ್ಸುಗಳು ಗ್ರೇಟರ್ ಮ್ಯಾಂಚೆಸ್ಟರಿನ ಸಾರಿಗೆ ಜಾಲವಾದ ಹಳದಿ ಬಣ್ಣದ ಬೀ ನೆಟ್‌ವರ್ಕ್ ಅಡಿ ಬಂದಿವೆ. ಟಿಕೆಟ್ 2 ಪೌಂಡ್, ಒಂದು ಗಂಟೆಯೊಳಗೆ ಎಷ್ಟು ಬಸ್ ಬೇಕಾದರೂ ಬದಲಿಸಬಹುದು. ಕಾರ್ಡನ್ನು ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಬೇಕು, ಟ್ರಾಮ್‌ನಲ್ಲಿ ಹತ್ತುವಾಗ, ಇಳಿದಾಗ ಎರಡೂ ಸಲ. ಬೆಳಿಗ್ಗೆ ಕಾರ್ಡು, ಸಂಜೆ ಫೋನು ಮುಟ್ಟಿಸಿದರೆ ಅದೇ ಖಾತೆಯಾದರೂ ಬೇರೆ ಬೇರೆ ಪ್ರಯಾಣಿಕರೆಂದೇ ಲೆಕ್ಕ, ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕಡಿತವಿಲ್ಲ ಎಂಬ ಮಿತಿ ಅನ್ವಯಿಸುವುದಿಲ್ಲ. ಟ್ರಾಮ್ ಸ್ಟಾಕ್‌ಪೋರ್ಟ್ ಪೇಟೆಗೆ ಬರುವುದಿಲ್ಲ; ಹತ್ತಿರದ ಕೊನೆ ನಿಲ್ದಾಣ ಈಸ್ಟ್ ಡಿಡ್ಸ್‌ಬರಿ.

ರೈಲಿನಲ್ಲಿ ಮ್ಯಾಂಚೆಸ್ಟರ್ ಪಿಕಡಿಲಿ ಸುಮಾರು ಹತ್ತು ನಿಮಿಷ, ಲಂಡನ್ ಸುಮಾರು ಎರಡು ಗಂಟೆ. ಮ್ಯಾಂಚೆಸ್ಟರಿನ ದಾರಿಯಲ್ಲಿ ಮರ್ಸಿ ನದಿಯನ್ನು ದಾಟುವುದು 1840ರಲ್ಲಿ ಮುಗಿಸಿದ, ಸುಮಾರು 1.1 ಕೋಟಿ ಇಟ್ಟಿಗೆಯ, 27 ಕಮಾನಿನ ಸೇತುವೆಯ ಮೇಲೆ. 2024ರಲ್ಲಿ ತೆರೆದ ಹೊಸ ಬಸ್ ನಿಲ್ದಾಣದ ಮಾಳಿಗೆಯ ಪಾರ್ಕಿನಿಂದ ಅದನ್ನು ನೋಡಲು ಬಲು ಚೆಂದ. ಟಿಕೆಟ್ ತೆಗೆದೇ ರೈಲು ಹತ್ತಿ: ದಂಡ 100 ಪೌಂಡ್ ಮತ್ತು ಟಿಕೆಟಿನ ಹಣ, 21 ದಿನದೊಳಗೆ ಕಟ್ಟಿದರೆ ದಂಡ ಅರ್ಧ. ಭಾರತದ ಚಾಲನಾ ಪರವಾನಗಿ ಇಲ್ಲಿ ವಾಸಕ್ಕೆ ಬಂದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ.

ವೈದ್ಯರನ್ನು ಕಾಣುವುದು ಹೇಗೆ?

ಬಂದ ವಾರವೇ ಹತ್ತಿರದ ಜಿಪಿಯಲ್ಲಿ, ಅಂದರೆ ಸಾಮಾನ್ಯ ವೈದ್ಯರ ಕ್ಲಿನಿಕ್ಕಿನಲ್ಲಿ, ಹೆಸರು ನೋಂದಾಯಿಸಿ. ಕಾಯಿಲೆ ಬಂದ ಮೇಲೆ ಹೋದರೆ ತಡ. ವಿಳಾಸದ ದಾಖಲೆ ಇಲ್ಲ ಎಂದು ನಿರಾಕರಿಸುವಂತಿಲ್ಲ. ಗಂಟಲುನೋವು, ಕಿವಿನೋವು, ಸೈನಸ್, ಹೆಂಗಸರ ಉರಿಮೂತ್ರದಂಥ ಏಳು ತೊಂದರೆಗಳಿಗೆ 2024ರಿಂದ ಔಷಧ ಅಂಗಡಿಯವರೇ ನೋಡಿ ಮದ್ದು ಕೊಡಬಲ್ಲರು, ವಯಸ್ಸಿನ ಮಿತಿಗಳೊಂದಿಗೆ. ಔಷಧಿಗೆ ಒಂದೊಂದಕ್ಕೆ 9.90 ಪೌಂಡ್, 16ರೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, 60 ದಾಟಿದವರಿಗೆ ಉಚಿತ. ರಾತ್ರಿ ಅನುಮಾನವಿದ್ದರೆ 111, ಜೀವಕ್ಕೆ ಅಪಾಯವಾದರೆ 999.

ಇಲ್ಲಿ ಮಗು ಹುಟ್ಟಿದರೆ?

42 ದಿನದೊಳಗೆ ಜನನ ನೋಂದಣಿ ಮಾಡಿಸಿ, ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ತಂದೆ ತಾಯಿ ಇಬ್ಬರೂ ತಾತ್ಕಾಲಿಕ ವೀಸಾದಲ್ಲಿದ್ದರೆ ಇಲ್ಲಿ ಹುಟ್ಟಿತೆಂದು ಮಗು ಬ್ರಿಟಿಷ್ ಪ್ರಜೆ ಆಗುವುದಿಲ್ಲ. ಭಾರತದ ಪೌರತ್ವಕ್ಕೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. 2025ರ ಮಾರ್ಚಿನಲ್ಲಿ ಮ್ಯಾಂಚೆಸ್ಟರಿನಲ್ಲೇ ಭಾರತದ ಕಾನ್ಸುಲೇಟ್ ತೆರೆದಿದೆ.

ಭಾರತದ ಪ್ರಜೆಗಳು ಇಲ್ಲಿ ಮತ ಹಾಕಬಹುದೇ?

ಹಾಕಬಹುದು, ಸಂಸತ್ತಿಗೂ ಬರೋಗೂ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ವೀಸಾ ಮೇಲಿರುವ ವಯಸ್ಕರಿಗೆ ಆ ಹಕ್ಕಿದೆ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಆನ್‌ಲೈನ್‌ನಲ್ಲಿ ನೋಂದಾಯಿಸಲು ಐದು ನಿಮಿಷ ಸಾಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕಿನವರು ವಿಳಾಸ ನಂಬಲೂ ಅನುಕೂಲ. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. 2023ರಿಂದ ಫೋಟೊ ಇರುವ ಗುರುತು ಬೇಕು, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಬರೋದಲ್ಲಿ 21 ವಾರ್ಡ್, ವಾರ್ಡಿಗೆ ಮೂವರಂತೆ 63 ಕೌನ್ಸಿಲರ್‌ಗಳು. ನಾಲ್ಕು ವರ್ಷದಲ್ಲಿ ಮೂರು ವರ್ಷ, ಪ್ರತಿ ಸಲ ಒಬ್ಬೊಬ್ಬರ ಸ್ಥಾನಕ್ಕೆ ಚುನಾವಣೆ. ಎರಡು ಸಲ ದೂರು ಕೊಟ್ಟರೂ ಬೀದಿದೀಪ ಸರಿಯಾಗದಿದ್ದರೆ ದೂರಿನ ಸಂಖ್ಯೆ ಸಹಿತ ನಿಮ್ಮ ವಾರ್ಡಿನ ಮೂವರಿಗೂ ಇಮೇಲ್ ಕಳಿಸಿ. ಮತ ಹಾಕದವರ ಪತ್ರಕ್ಕೂ ಅವರು ಉತ್ತರಿಸಬೇಕಾದವರೇ.

ದೀಪಾವಳಿಗೆ ಪಟಾಕಿ ಹೊಡೆಯಬಹುದೇ?

ಸ್ವಂತ ಹಿತ್ತಿಲಲ್ಲಿ ಹೊಡೆಯಬಹುದು, ಬೀದಿಯಲ್ಲಿ ಕೂಡದು. ಸಾಮಾನ್ಯ ದಿನ ರಾತ್ರಿ 11ರ ಮೇಲೆ ನಿಷೇಧ, ದೀಪಾವಳಿಯ ರಾತ್ರಿ ಒಂದು ಗಂಟೆವರೆಗೆ ಕಾನೂನೇ ಬಿಟ್ಟಿದೆ. 18 ತುಂಬದವರಿಗೆ ಪಟಾಕಿ ಮಾರುವಂತಿಲ್ಲ. ಬಾಡಿಗೆ ಮನೆಯಾದರೆ ಕರಾರು ಓದಿ, ಅಕ್ಕಪಕ್ಕದವರಿಗೆ ಹಿಂದಿನ ದಿನವೇ ತಿಳಿಸಿ. ನಾಯಿ ಸಾಕಿದವರು ಅದನ್ನು ಒಳಗೆ ಕೂಡಿಹಾಕಿಕೊಳ್ಳುತ್ತಾರೆ. ಧೂಪ, ಊದುಬತ್ತಿ, ಒಗ್ಗರಣೆಯ ಹೊಗೆಗೆ ಅಲಾರಂ ಕೂಗುತ್ತದೆಂದು ಅದರ ಬ್ಯಾಟರಿ ಕಿತ್ತಿಡಬೇಡಿ. ಅಡುಗೆಮನೆಗೆ ಹೊಗೆಯ ಬದಲು ಶಾಖಕ್ಕೆ ಸ್ಪಂದಿಸುವ ಅಲಾರಂ ಹಾಕಿಸಿಕೊಡಿ ಎಂದು ಮಾಲೀಕರನ್ನು ಕೇಳಿ.

ನಲ್ಲಿ ನೀರು ಕುಡಿಯಬಹುದೇ? ಫಿಲ್ಟರ್ ಬೇಕೇ?

ನೇರವಾಗಿ ಕುಡಿಯಿರಿ, ಫಿಲ್ಟರ್ ಬೇಡ. ಲಂಡನ್ ಕಡೆಯ ಗಡಸು ನೀರಿನಂತೆ ಅಲ್ಲ, ಇಲ್ಲಿಯದು ಮೃದು ನೀರು. ಕೆಟಲ್‌ನಲ್ಲಿ ಸುಣ್ಣದ ಪೊರೆ ಕಟ್ಟುವುದಿಲ್ಲ, ಸೋಪು ಬೇಗ ನೊರೆ ಬರುತ್ತದೆ, ತೊಗರಿಬೇಳೆಯೂ ಬೇಗ ಬೇಯುತ್ತದೆ. ಬಟ್ಟೆ ಯಂತ್ರಕ್ಕೆ ಪುಡಿ ಹಾಕುವಾಗ ಪೊಟ್ಟಣದ ಮೇಲೆ ಮೃದು ನೀರಿಗೆ ಎಂದು ಬರೆದಿರುವ ಕಡಿಮೆ ಅಳತೆಯನ್ನೇ ಹಾಕಿ.